ಹಳೆಯ ರೌಟರ್, ಓಎನ್‌ಟಿ, ಬ್ಯಾಟರಿ: ಗುಜರಿಗೆ ಹಾಕುವ ಮುನ್ನ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು

ಧಾರವಾಡದ ಸಪ್ತಾಪುರದ ಒಂದು ವಿದ್ಯಾರ್ಥಿ ವಸತಿಗೃಹದಿಂದ ಕಳೆದ ಬೇಸಿಗೆಯಲ್ಲಿ ಗೋಣಿಚೀಲವೊಂದು ನನ್ನ ಮೇಜಿನ ಮೇಲೆ ಬಂದು ಕೂತಿತು. ಒಳಗೆ ಹದಿನಾಲ್ಕು ರೌಟರ್, ಐದು ಓಎನ್‌ಟಿ (ಫೈಬರಿನಲ್ಲಿ ಬೆಳಕಾಗಿ ಬರುವ ಇಂಟರ್ನೆಟ್ಟನ್ನು ಲ್ಯಾನ್ ಕೇಬಲ್‌ಗೆ ಕೊಡುವ ಪೆಟ್ಟಿಗೆ), ಒಂದಕ್ಕೊಂದು ಹೆಣೆದುಕೊಂಡ ಅಡಾಪ್ಟರ್‌ಗಳು, ಮೂರು ಬ್ಯಾಟರಿ. "ಎಲ್ಲ ಸತ್ತಿವೆ ಸರ್, ತೂಕಕ್ಕೆ ಎಷ್ಟು ಬರುತ್ತದೆ ನೋಡಿ" ಎಂದರು ಮೇಲ್ವಿಚಾರಕರು. ಎರಡು ದಿನ ಕುಳಿತು ನೋಡಿದಾಗ ಹದಿನಾಲ್ಕು ರೌಟರ್‌ಗಳಲ್ಲಿ ಒಂಬತ್ತು ಗಟ್ಟಿಮುಟ್ಟಾಗಿದ್ದವು. ಉಳಿದ ಐದರಲ್ಲಿ ಮೂರನ್ನು ಕೊಂದದ್ದು ವಯಸ್ಸಲ್ಲ. "ನಡೆಯುತ್ತದೋ ಇಲ್ಲವೋ ನೋಡೋಣ" ಎಂದು ಯಾರೋ ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಿದ್ದರು.

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಶಾಲೆ, ಲಾಡ್ಜ್, ಕೇಬಲ್ ಆಪರೇಟರ್‌ಗಳಿಂದ ನನಗೆ ಬರುವ ದೂರುಗಳೂ ಹೀಗೆಯೇ ಇರುತ್ತವೆ. ಹಳೆಯ ರೌಟರ್ ಜೋಡಿಸಿದ ಮೇಲೆ ಇಡೀ ಕಟ್ಟಡದ ಇಂಟರ್ನೆಟ್ ಬಂದು ಬಂದು ಹೋಗುತ್ತಿದೆ. ಬ್ಯಾಟರಿ ಚಾರ್ಜ್ ಆಗುತ್ತದೆ, ಹತ್ತೇ ನಿಮಿಷಕ್ಕೆ ಮಲಗುತ್ತದೆ. ಗುಜರಿಗೆ ಕೊಟ್ಟ ಪೆಟ್ಟಿಗೆಯಲ್ಲಿ ಕಚೇರಿಯ ವೈ-ಫೈ ಪಾಸ್‌ವರ್ಡ್ ಹಾಗೇ ಉಳಿದಿದೆ. ಈ ಕೆಲಸಗಳು ಕಷ್ಟದವಲ್ಲ, ಮಾಡುವವರಿಗೆ ಕ್ರಮ ತಪ್ಪಿರುತ್ತದೆ ಅಷ್ಟೇ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಮೊದಲು ಸಾಮಾನು ಹೊಂದಿಸಿಕೊಳ್ಳಿ

ಡಿಜಿಟಲ್ ಮಲ್ಟಿಮೀಟರ್, ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪ್, ಸರಿಯಾಗಿವೆ ಎಂದು ಖಚಿತವಾದ ಎರಡು ಲ್ಯಾನ್ ಕೇಬಲ್, ಕೇಬಲ್ ಟೆಸ್ಟರ್, ಸಣ್ಣ ಸ್ಕ್ರೂಡ್ರೈವರ್‌ಗಳು, ಕಾಗದದ ಟೇಪ್, ಅಳಿಸಿಹೋಗದ ಮಾರ್ಕರ್, ಮೃದುವಾದ ಬ್ರಷ್, ಕಣ್ಣಿಗೆ ಕನ್ನಡಕ, ಒಂದು ಬಕೆಟ್ ಒಣ ಮರಳು. ಇವುಗಳ ಜೊತೆಗೆ ವಾಹನಗಳ ಬಿಡಿಭಾಗದ ಅಂಗಡಿಯಿಂದ ಎರಡು ಬಲ್ಬು ತನ್ನಿ: ಕಾರಿನ ಬ್ರೇಕ್ ದೀಪದ 12 ವೋಲ್ಟ್ 21 ವ್ಯಾಟ್‌ನದೊಂದು, ಪಾರ್ಕಿಂಗ್ ದೀಪದ 12 ವೋಲ್ಟ್ 5 ವ್ಯಾಟ್‌ನದೊಂದು. ಹೋಲ್ಡರ್ ಸಮೇತ ತಂದು ವೈರ್ ಜೋಡಿಸಿಟ್ಟುಕೊಳ್ಳಿ. ಸಾವಿರಾರು ರೂಪಾಯಿಯ ಬ್ಯಾಟರಿ ಟೆಸ್ಟರ್ ಮಾಡುವ ಕೆಲಸವನ್ನು ಈ ಎರಡು ಬಲ್ಬು ಮಾಡುತ್ತವೆ, ಹೊತ್ತು ಮಾತ್ರ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ಮಲ್ಟಿಮೀಟರಿನ ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿದ್ದರೆ ಈಗಲೇ ತೆಗೆದು ವೋಲ್ಟ್ ತೂತಿಗೆ ಹಾಕಿ. ಆಂಪಿಯರ್ ತೂತಿನಲ್ಲೇ ಬಿಟ್ಟು ಬ್ಯಾಟರಿಯ ವೋಲ್ಟೇಜ್ ಅಳೆಯಲು ಹೋದರೆ ಬ್ಯಾಟರಿ ನೇರವಾಗಿ ಶಾರ್ಟ್ ಆಗುತ್ತದೆ. ನನ್ನ ಮೊದಲ ಮೀಟರ್ ಹೋದದ್ದು ಹಾಗೆಯೇ.

ಹಂತ 1: ಇದು ಯಾರ ಸೊತ್ತು?

ಇಂಟರ್ನೆಟ್ ಕಂಪನಿ ಮನೆಗೆ ತಂದು ಹಾಕಿದ ಓಎನ್‌ಟಿ ಅನೇಕ ಬಾರಿ ಕಂಪನಿಯದ್ದೇ ಆಗಿರುತ್ತದೆ. ನೀವು ಕಟ್ಟಿದ್ದು ಠೇವಣಿ, ಬೆಲೆಯಲ್ಲ. ಸಂಪರ್ಕ ಪಡೆದಾಗಿನ ರಸೀದಿ ತೆಗೆದು ನೋಡಿ. ಕಂಪನಿಯದ್ದಾದರೆ ಹಿಂತಿರುಗಿಸಿ, ಸೀರಿಯಲ್ ನಂಬರ್ ಬರೆದಿರುವ ಸ್ವೀಕೃತಿ ಪಡೆಯಿರಿ, ಠೇವಣಿ ಕೇಳಿ. ಅಲ್ಲಿಗೆ ಆ ಪೆಟ್ಟಿಗೆಯ ಕೆಲಸ ಮುಗಿಯಿತು.

ಇನ್ನೊಂದು ಮಾತು ಖರೀದಿಸುವವರಿಗೆ. ಮೊಬೈಲ್ ಟವರಿನಲ್ಲಿ ಬಳಸುವ 2 ವೋಲ್ಟಿನ ಭಾರದ ಬ್ಯಾಟರಿ ಸೆಲ್‌ಗಳನ್ನು "ಸೆಕೆಂಡ್ ಹ್ಯಾಂಡ್" ಎಂದು ಯಾರಾದರೂ ತಂದರೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಮುಟ್ಟಬೇಡಿ. ಅವು ಕಳವಿನ ಮಾಲಾಗಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ.

ಹಂತ 2: ಅಪಾಯ ನೋಡಿ ವಿಂಗಡಿಸಿ

ಎಲ್ಲರೂ ಮೊದಲು "ನಡೆಯುವುದು, ನಡೆಯದ್ದು" ಎಂದು ಎರಡು ಗುಡ್ಡೆ ಮಾಡುತ್ತಾರೆ. ಅದು ಗೊತ್ತಾಗುವುದು ಆರನೇ ಹಂತದಲ್ಲಿ, ಈಗಲ್ಲ. ಈಗ ಮೂರು ಗುಡ್ಡೆ ಮಾಡಿ.

ಒಳಗೆ ಬ್ಯಾಟರಿ ಇರುವವು ಒಂದು ಕಡೆ: ಯುಪಿಎಸ್, ರೌಟರ್‌ಗೆಂದೇ ಬರುವ ಮಿನಿ ಯುಪಿಎಸ್, ಸಿಮ್ ಹಾಕುವ ಕೈರೌಟರ್, ಕಾರ್ಡ್‌ಲೆಸ್ ಫೋನ್. ಗೋಡೆಯ 230 ವೋಲ್ಟ್ ನೇರವಾಗಿ ಒಳಗೆ ಹೋಗುವವು ಇನ್ನೊಂದು ಕಡೆ: ದೊಡ್ಡ ನೆಟ್‌ವರ್ಕ್ ಸ್ವಿಚ್ (ಹಲವು ಲ್ಯಾನ್ ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ), ಇಪಿಎಬಿಎಕ್ಸ್ (ಕಚೇರಿಯ ಒಳಫೋನ್‌ಗಳನ್ನು ಜೋಡಿಸುವ ಯಂತ್ರ), ಪವರ್ ಸಪ್ಲೈ ಪೆಟ್ಟಿಗೆ. ಈ ಎರಡನೇ ಗುಡ್ಡೆಯನ್ನು ತಿಳಿಯದವರು ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲ್ಪಟ್ಟು ಉಳಿದಿರಬಹುದು. ಮೂರನೆಯದು ಅಡಾಪ್ಟರಿನಿಂದ ನಡೆಯುವ ಸಣ್ಣ ಪೆಟ್ಟಿಗೆಗಳು. ಅವು ನಿರಪಾಯ.

ಅಡಾಪ್ಟರ್ ತನ್ನ ಪೆಟ್ಟಿಗೆಗೆ ಇನ್ನೂ ಚುಚ್ಚಿಕೊಂಡೇ ಇದ್ದರೆ ಬೇರ್ಪಡಿಸಬೇಡಿ, ಟೇಪ್ ಸುತ್ತಿ ಎರಡಕ್ಕೂ ಒಂದೇ ಅಂಕಿ ಬರೆಯಿರಿ. ಈ ಒಂದು ನಿಮಿಷದ ಕೆಲಸ ಮಾಡಿದ್ದರೆ ಸಪ್ತಾಪುರದ ಆ ಮೂರು ರೌಟರ್ ಉಳಿಯುತ್ತಿದ್ದವು.

ದೂಳನ್ನು ಬಯಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ರಷ್‌ನಿಂದ ತೆಗೆಯಿರಿ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣಿನ ದೂಳು ಒದ್ದೆ ಬಟ್ಟೆ ತಾಗಿದರೆ ಕೆಸರಾಗಿ ಪೋರ್ಟಿನೊಳಗೆ ಗಟ್ಟಿಯಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಅಂಗಡಿಯೊಂದರಿಂದ ಬಂದ ಸ್ವಿಚ್‌ಗೆ ಬಾಯಿಂದ ಗಾಳಿ ಊದಿ ನಾನು ಅರ್ಧ ಗಂಟೆ ಸೀನಿದ್ದೇನೆ. ನೀವು ಊದಬೇಡಿ.

ಹಂತ 3: ಬ್ಯಾಟರಿ, ಎಲ್ಲಕ್ಕಿಂತ ಮೊದಲು

ಬ್ಯಾಟರಿಯನ್ನು ಮೊದಲು ನೋಡಬೇಕು ಎನ್ನಲು ಎರಡು ಕಾರಣಗಳಿವೆ. ಬೆಂಕಿ ಹತ್ತುವುದು, ಆಮ್ಲ ಸೋರುವುದು ಅದರಿಂದಲೇ. ಜೊತೆಗೆ, ಚಾರ್ಜ್ ಇಳಿದ ಸೀಸದ ಬ್ಯಾಟರಿ ಕೂತಲ್ಲೇ ಕೆಡುತ್ತದೆ. ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮತ್ತೆ ಏಳುವುದಿಲ್ಲ.

ಮೊದಲು ಕಣ್ಣಿನಿಂದ ಪರೀಕ್ಷಿಸಿ. ಪಕ್ಕದ ಗೋಡೆ ಉಬ್ಬಿದ್ದರೆ, ಬಿರುಕಿದ್ದರೆ, ತುದಿಗಳ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿ ಅಡಿಯಲ್ಲಿ ತೇವವಿದ್ದರೆ ಚಾರ್ಜ್ ಮಾಡುವ ಪ್ರಯತ್ನವೇ ಬೇಡ. ಅದು ನೇರವಾಗಿ ಒಂಬತ್ತನೇ ಹಂತಕ್ಕೆ ಹೋಗಲಿ.

ಚೆನ್ನಾಗಿ ಕಂಡದ್ದನ್ನು ಮೀಟರಿನಿಂದ ಅಳೆಯಿರಿ. ಯುಪಿಎಸ್‌ನಲ್ಲಿರುವ ಸಾಮಾನ್ಯ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ 12.8ರಿಂದ 13 ವೋಲ್ಟ್ ತೋರಿಸಬೇಕು. 12.4ರ ಆಸುಪಾಸಿನಲ್ಲಿದ್ದರೆ ಅರ್ಧಕ್ಕಿಂತ ತುಸು ಮೇಲಿದೆ ಎಂದು ತಿಳಿಯಿರಿ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. 10.5ಕ್ಕಿಂತ ಕೆಳಗೆ ಬಹಳ ದಿನ ಬಿದ್ದಿದ್ದರೆ ಆಸೆ ಇಟ್ಟುಕೊಳ್ಳಬೇಡಿ. ಒಳಗಿನ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದ್ದರೆ ಎಷ್ಟು ಚಾರ್ಜ್ ಮಾಡಿದರೂ 10.5–11ರ ಹತ್ತಿರವೇ ನಿಲ್ಲುತ್ತದೆ.

ನಂತರ ಚಾರ್ಜ್. 13.5ರಿಂದ 13.8 ವೋಲ್ಟ್ ಕೊಡುವ ಚಾರ್ಜರ್ ಹಾಕಿ, ಗಾಳಿಯಾಡುವ ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಬಿಡಿ. ಕಾರಿನ ಬ್ಯಾಟರಿಗೆ ಬಳಸುವ ದೊಡ್ಡ ಚಾರ್ಜರ್ ಬೇಡ. 7 ಆಂಪಿಯರ್-ಅವರ್ ಬ್ಯಾಟರಿಗೆ 2 ಆಂಪಿಯರ್‌ಗಿಂತ ಹೆಚ್ಚು ಹರಿಸಬಾರದು. ಗಂಟೆಗೊಮ್ಮೆ ಕೈಯಿಟ್ಟು ನೋಡಿ. ಉಗುರು ಬೆಚ್ಚಗಿದ್ದರೆ ತೊಂದರೆಯಿಲ್ಲ, ಕೈ ಹಿಂದಕ್ಕೆ ಬರುವಷ್ಟು ಬಿಸಿಯಾದರೆ ತಕ್ಷಣ ತೆಗೆಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೂ ಅಷ್ಟೇ: ಸ್ವಿಚ್ ಆರಿಸಿ, ಕಿಟಕಿ ತೆರೆದು ಹೊರಗೆ ಬನ್ನಿ.

ಜನ ಎಡವುವುದು ಇದರ ಮುಂದಿನ ಮೆಟ್ಟಿಲಿನಲ್ಲಿ. ಚಾರ್ಜರ್ ತೆಗೆದ ಕೂಡಲೇ ಮೀಟರ್ ಇಟ್ಟು, 13.2 ಕಂಡು, "ಸೂಪರ್ ಇದೆ" ಎಂದು ಯುಪಿಎಸ್‌ಗೆ ಹಾಕಿಬಿಡುತ್ತಾರೆ. ಅದು ಮೇಲ್ಮೈಯ ಚಾರ್ಜ್, ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಒಂದು ರಾತ್ರಿ ಸುಮ್ಮನೆ ಬಿಟ್ಟು ಮತ್ತೆ ಅಳೆಯಿರಿ. 12.7ರ ಮೇಲಿದ್ದರೆ ಬಲ್ಬಿನ ಪರೀಕ್ಷೆಗೆ ಹೋಗಿ.

21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಲ್ಬು ಹಚ್ಚಿ, ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ, ಹದಿನೈದು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆಯಿರಿ, 10.5ಕ್ಕೆ ಇಳಿದಾಗ ನಿಲ್ಲಿಸಿ. ಹೊಸ ಬ್ಯಾಟರಿಯಾದರೆ ಮೂರು ಗಂಟೆಯ ಹತ್ತಿರ ಉರಿಯುತ್ತದೆ. ಎರಡೂವರೆ ಗಂಟೆ ಬಂದರೆ ನಿಶ್ಚಿಂತೆಯಿಂದ ಬಳಸಿ. ಒಂದೂವರೆ ಗಂಟೆಯಷ್ಟು ಬಂದದ್ದು ಕಂಪ್ಯೂಟರ್ ಯುಪಿಎಸ್‌ಗೆ ನಾಲಾಯಕ್ಕು, ಆದರೆ 8 ವ್ಯಾಟ್ ತಿನ್ನುವ ಒಂದು ರೌಟರನ್ನು ಕರೆಂಟ್ ಹೋದಾಗ ಮೂರು ಗಂಟೆ ಸಾಕುತ್ತದೆ. ಕಾಲು ಗಂಟೆಯೊಳಗೆ ವೋಲ್ಟೇಜ್ ದಡಬಡನೆ ಕುಸಿದರೆ ಅದು ಮುಗಿದ ಕತೆ. ಪರೀಕ್ಷೆ ಆದ ಕೂಡಲೇ ಮತ್ತೆ ಚಾರ್ಜ್‌ಗೆ ಹಾಕಿ. ಬರಿದು ಮಾಡಿ ಮೂಲೆಗಿಟ್ಟರೆ ನೀವೇ ಕೊಂದಂತೆ.

ಹಳೆಯ ಬ್ಯಾಟರಿಯನ್ನು ಹೊಸದರ ಜೊತೆ ಸಾಲಾಗಿ ಜೋಡಿಸಬೇಡಿ. 48 ವೋಲ್ಟ್‌ಗಾಗಿ ನಾಲ್ಕು ಜೋಡಿಸಿದಾಗ ದುರ್ಬಲವಾದದ್ದು ಮೊದಲು ಬರಿದಾಗಿ, ಉಳಿದ ಮೂರು ಸೇರಿ ಅದನ್ನು ಉಲ್ಟಾ ಚಾರ್ಜ್ ಮಾಡುತ್ತವೆ. ಬಲ್ಬಿನ ಪರೀಕ್ಷೆಯಲ್ಲಿ ಹತ್ತಿರ ಹತ್ತಿರದ ಸಮಯ ಬಂದವುಗಳನ್ನೇ ಜೋಡಿ ಮಾಡಿ.

ಇಡುವ ಜಾಗವೂ ಮುಖ್ಯ. ಈ ಬ್ಯಾಟರಿಗಳ ಆಯುಷ್ಯವನ್ನು ಲೆಕ್ಕ ಹಾಕುವುದು ಸಾಮಾನ್ಯವಾಗಿ 25 ಡಿಗ್ರಿಗೆ. ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗದಗಿನ ಏಪ್ರಿಲ್ ತಿಂಗಳಲ್ಲಿ ತಗಡಿನ ಛಾವಣಿಯ ಕೆಳಗೆ, ಅದೂ ಕಪಾಟಿನ ತುದಿಯಲ್ಲಿ ಬ್ಯಾಟರಿ ಇಟ್ಟು "ಒಂದು ವರ್ಷವೂ ಬರಲಿಲ್ಲ" ಎನ್ನುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ನೆಲದ ಹತ್ತಿರ, ನೆರಳಿನಲ್ಲಿ ಇಡಿ.

ಮಿನಿ ಯುಪಿಎಸ್, ಕೈರೌಟರ್‌ಗಳಲ್ಲಿರುವುದು ಲಿಥಿಯಂ. ಅದರ ನಿಯಮ ಬೇರೆ, ಮತ್ತು ಚಿಕ್ಕದು. ಹೊರಕವಚ ಉಬ್ಬಿ ಮುಚ್ಚಳ ಎದ್ದಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ತುದಿಗಳಿಗೆ ಟೇಪ್ ಅಂಟಿಸಿ ಮರಳಿನ ಬಕೆಟ್‌ನಲ್ಲಿ ಹೂತು ಮನೆಯ ಹೊರಗಿಡಿ. ಒಂದು ಸೆಲ್‌ನ ವೋಲ್ಟೇಜ್ 2.5ಕ್ಕಿಂತ ಕೆಳಗಿದ್ದರೆ ಎಬ್ಬಿಸುವ ಸಾಹಸ ಬೇಡ. ಯೂಟ್ಯೂಬಿನಲ್ಲಿ ತೋರಿಸುತ್ತಾರೆ, ಸುಟ್ಟ ಮೇಜನ್ನು ಮಾತ್ರ ತೋರಿಸುವುದಿಲ್ಲ.

ಹಂತ 4: ಅಡಾಪ್ಟರ್ ಹೊಂದಿಸುವುದು

ಅಡಾಪ್ಟರಿನ ಬೆನ್ನ ಮೇಲೆ ಇರುವೆಯಂಥ ಅಕ್ಷರಗಳಿರುತ್ತವೆ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನಾಲ್ಕು ವಿಷಯ ಓದಿ: ಹೊರಬರುವ ವೋಲ್ಟ್, ಆಂಪಿಯರ್, ಡಿಸಿಯೋ ಎಸಿಯೋ, ಮತ್ತು ಪ್ಲಗ್ಗಿನ ನಡುವಿನ ತೂತು ಪ್ಲಸ್ಸೋ ಮೈನಸ್ಸೋ ಎಂದು ತೋರಿಸುವ ಸಣ್ಣ ಚಿತ್ರ. ನಂತರ ರೌಟರಿನ ಅಡಿಯಲ್ಲಿ ಅದೇ ನಾಲ್ಕನ್ನು ಓದಿ.

ವೋಲ್ಟ್ ಎರಡೂ ಕಡೆ ಒಂದೇ ಇರಬೇಕು. ಆಂಪಿಯರ್ ಅಡಾಪ್ಟರಿನಲ್ಲಿ ಸಮ ಅಥವಾ ಹೆಚ್ಚು ಇರಬೇಕು. ಇದನ್ನು ಜನ ತಿರುಗಿಸಿ ನೆನಪಿಟ್ಟುಕೊಂಡಿದ್ದಾರೆ. 12 ವೋಲ್ಟ್ 1 ಆಂಪಿಯರ್ ಕೇಳುವ ರೌಟರಿಗೆ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಿದರೆ ಏನೂ ಆಗುವುದಿಲ್ಲ. ರೌಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದರೆ 5 ವೋಲ್ಟ್ ಅಥವಾ 9 ವೋಲ್ಟಿನ ಪೆಟ್ಟಿಗೆಗೆ 12 ವೋಲ್ಟ್ ಹಾಕಿದರೆ ಒಂದು ಸಣ್ಣ ಟಿಕ್ ಸದ್ದು ಕೇಳುತ್ತದೆ, ಅಷ್ಟೇ. ಹಳೆಯ ಕೆಲವು ಮೋಡೆಮ್ ಮತ್ತು ಕಾರ್ಡ್‌ಲೆಸ್ ಫೋನ್‌ಗಳ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತವೆ. ಪ್ಲಗ್ ಒಂದೇ ಥರ ಕಂಡರೂ ಅವನ್ನು ರೌಟರಿಗೆ ಹಾಕಬೇಡಿ.

ಪ್ಲಗ್ಗಿನ ಅಳತೆಯಲ್ಲೊಂದು ಗುಟ್ಟಿದೆ. ಹೊರಗಿನ ಅಗಲ 5.5 ಮಿಲಿಮೀಟರ್ ಇದ್ದರೂ ಒಳತೂತು 2.1 ಇರಬಹುದು, 2.5 ಇರಬಹುದು. 2.5ರ ಪ್ಲಗ್ 2.1ರ ಕಡ್ಡಿಗೆ ಹೋಗುತ್ತದೆ, ಕೂರುವುದಿಲ್ಲ. ಮೇಜು ಅಲುಗಿದರೆ ರೌಟರ್ ಆರಿಹೋಗುತ್ತದೆ ಎಂಬ ದೂರಿನ ಮೂಲ ಬಹಳ ಸಲ ಇದೇ.

ಈಗ ಅಡಾಪ್ಟರನ್ನು ಒಂಟಿಯಾಗಿ ಅಳೆಯಿರಿ, ಆಮೇಲೆ 5 ವ್ಯಾಟ್ ಬಲ್ಬು ಹಚ್ಚಿ ಅಳೆಯಿರಿ. 12 ವೋಲ್ಟಿನದು ಬಲ್ಬು ಉರಿಯುವಾಗಲೂ 11.5ಕ್ಕಿಂತ ಮೇಲಿರಬೇಕು. ಒಂಟಿಯಾಗಿ 12.1 ತೋರಿಸಿ ಬಲ್ಬು ಹಚ್ಚಿದ ಕೂಡಲೇ 9ಕ್ಕೆ ಬಿದ್ದರೆ ಒಳಗಿನ ಕೆಪಾಸಿಟರ್ ಒಣಗಿದೆ. ಇಂಥ ಅಡಾಪ್ಟರ್ ಹಾಕಿದ ರೌಟರ್ ಚೆನ್ನಾಗಿಯೇ ಶುರುವಾಗುತ್ತದೆ, ಎಲ್ಲ ದೀಪ ಹಚ್ಚುತ್ತದೆ, ನಾಲ್ಕು ಜನ ವೈ-ಫೈಗೆ ಸೇರುತ್ತಲೇ ಆರಿ ಮತ್ತೆ ಹತ್ತುತ್ತದೆ. ಜನ ರೌಟರನ್ನು ಬಿಸಾಡಿ ಅಡಾಪ್ಟರನ್ನು ಜೋಪಾನವಾಗಿಡುತ್ತಾರೆ! ಸಪ್ತಾಪುರದ ಚೀಲದಲ್ಲಿ "ಸತ್ತ" ಒಂಬತ್ತರಲ್ಲಿ ಆರಕ್ಕೆ ಬೇಕಾಗಿದ್ದದ್ದು ಬೇರೆ ಅಡಾಪ್ಟರ್ ಮಾತ್ರ. ಹಳೆಯ ಕಾಲದ, ಇಟ್ಟಿಗೆಯಂತೆ ಭಾರವಾದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಒಂಟಿಯಾಗಿದ್ದಾಗ 15–16 ವೋಲ್ಟ್ ತೋರಿಸಿದರೆ ಹೆದರಬೇಡಿ, ಅದರ ಗುಣವೇ ಹಾಗೆ. ಹೊರೆ ಬಿದ್ದಾಗ ಇಳಿಯುತ್ತದೆ.

ಲ್ಯಾನ್ ಕೇಬಲ್ ಮೂಲಕವೇ ವಿದ್ಯುತ್ ಕಳಿಸುವ ಇಂಜೆಕ್ಟರ್‌ಗಳು ಸಿಕ್ಕರೆ ಕೆಂಪು ಟೇಪ್ ಸುತ್ತಿ ಬೇರೆ ಡಬ್ಬದಲ್ಲಿಡಿ. ಅವುಗಳಲ್ಲಿ ಕೆಲವು 24 ಅಥವಾ 48 ವೋಲ್ಟನ್ನು ಮುಂದಿರುವುದು ಏನೆಂದು ವಿಚಾರಿಸದೆ ಹರಿಸುತ್ತವೆ. ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್ ಸುಡಲು ಅಷ್ಟು ಸಾಕು.

ಹಂತ 5: ನೆನಪು ಅಳಿಸುವುದು

ಪರೀಕ್ಷೆಗೆ ಮುನ್ನವೇ ಅಳಿಸಬೇಕು. "ಆಮೇಲೆ ಒಟ್ಟಿಗೆ ಅಳಿಸೋಣ" ಎಂದವರು ಅಳಿಸುವುದಿಲ್ಲ.

ರೌಟರ್ ಹಚ್ಚಿ, ದೀಪಗಳು ನೆಲೆಗೊಂಡ ಮೇಲೆ, ರೀಸೆಟ್ ಎಂದಿರುವ ಸೂಜಿತೂತಿಗೆ ಕಡ್ಡಿ ಹಾಕಿ 10ರಿಂದ 15 ಸೆಕೆಂಡ್ ಒತ್ತಿಹಿಡಿಯಿರಿ. ಎಲ್ಲ ದೀಪ ಒಮ್ಮೆ ಆರಿ ಹತ್ತಬೇಕು. ಬಿಟ್ಟುಬಿಟ್ಟು ಒತ್ತಿದರೆ ಬರೀ ಮರುಪ್ರಾರಂಭವಾಗುತ್ತದೆ, ಅಳಿಯುವುದಿಲ್ಲ. ಆಮೇಲೆ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಜೋಡಿಸಿ, ಅಡಿಯ ಚೀಟಿಯಲ್ಲಿರುವ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಹೋಗಿ ಕಣ್ಣಾರೆ ನೋಡಿ: ಇಂಟರ್ನೆಟ್ ಖಾತೆಯ ಬಳಕೆದಾರ ಹೆಸರಿನ ಜಾಗ ಖಾಲಿಯಿದೆಯೇ? ವೈ-ಫೈ ಹೆಸರು ಚೀಟಿಯಲ್ಲಿದ್ದದ್ದಕ್ಕೆ ಮರಳಿದೆಯೇ? ಕಂಪನಿಗಳಿಗಾಗಿಯೇ ತಯಾರಾದ ಕೆಲವು ಪೆಟ್ಟಿಗೆಗಳಲ್ಲಿ ರೀಸೆಟ್ ಆದ ಮೇಲೂ ಖಾತೆಯ ವಿವರ ಉಳಿದಿರುತ್ತದೆ. ಅವನ್ನು ಕೈಯಿಂದ ಅಳಿಸಿ ಉಳಿಸಿ. ದೂರದಿಂದ ನಿಯಂತ್ರಿಸುವ ಸೌಲಭ್ಯ ತೆರೆದಿದ್ದರೆ ಮುಚ್ಚಿ.

ಸಿಮ್ ಹಾಕುವ ರೌಟರಿನಿಂದ ಸಿಮ್ ತೆಗೆಯುವುದನ್ನು ಮರೆಯುವವರು ಎಷ್ಟೊಂದು! ಮೆಮೊರಿ ಕಾರ್ಡ್ ತೂತನ್ನೂ ನೋಡಿ. ಇಪಿಎಬಿಎಕ್ಸ್‌ನಲ್ಲಿ ಕರೆಗಳ ದಾಖಲೆ ಇರುತ್ತದೆ, ಅದನ್ನು ಹಾಕಿದವರನ್ನೇ ಕರೆಸಿ ಅಳಿಸಿ. ಪೆಟ್ಟಿಗೆಯ ಬೆನ್ನಿಗೆ ಯಾರೋ ಪೆನ್ನಿನಲ್ಲಿ ಬರೆದಿಟ್ಟ ಪಾಸ್‌ವರ್ಡ್‌ನ ಮೇಲೆ ಮಾರ್ಕರ್ ಎಳೆಯಿರಿ.

ಹಂತ 6: ಈಗ ಪರೀಕ್ಷೆ

ನಾಲ್ಕು ಲ್ಯಾನ್ ಪೋರ್ಟ್‌ಗಳಿಗೂ ಒಂದೊಂದಾಗಿ ಕೇಬಲ್ ಚುಚ್ಚಿ ದೀಪ ಹತ್ತುವುದನ್ನು ನೋಡಿ. ವೈ-ಫೈ ಹೆಸರು ಮೊಬೈಲ್‌ನಲ್ಲಿ ಕಾಣಬೇಕು, ಎರಡು ಗೋಡೆಯಾಚೆಗೂ ಸಿಗಬೇಕು. ಒಂದು ಹಗಲು ರಾತ್ರಿ ಹಚ್ಚಿಯೇ ಬಿಡಿ. ಐದು ನಿಮಿಷದ ಪರೀಕ್ಷೆಯಲ್ಲಿ ಪಾಸಾಗಿ ಮೂರನೇ ಗಂಟೆಗೆ ಬಿಸಿಯೇರಿ ನಿಲ್ಲುವವು ಬೇಕಾದಷ್ಟಿವೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ನಂತರ ನಮ್ಮ ಕಡೆ ಇಂಟರ್ನೆಟ್ ಬರುವ ಪೋರ್ಟ್, ಅಂದರೆ ವ್ಯಾನ್ ಪೋರ್ಟ್, ಒಂದೇ ಸತ್ತ ರೌಟರ್‌ಗಳು ರಾಶಿ ಬೀಳುತ್ತವೆ. ಅವನ್ನು ಎಸೆಯಬೇಡಿ. ಮುಂದಿನ ಹಂತದ ಕೆಲಸಕ್ಕೆ ಆ ಪೋರ್ಟ್ ಬೇಕಾಗಿಯೇ ಇಲ್ಲ.

ಓಎನ್‌ಟಿಯ ವಿಷಯ ಚುಟುಕಾಗಿ. ಫೈಬರ್ ಜೋಡಿಸಿದಾಗ ಪಿಒಎನ್ ದೀಪ ಮಿನುಗದೆ ನಿಲ್ಲಬೇಕು, ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಬಾರದು. ಕೆಂಪು ಹತ್ತಿದ ಮಾತ್ರಕ್ಕೆ ಓಎನ್‌ಟಿ ಕೆಟ್ಟಿದೆ ಎನ್ನಬೇಡಿ. ಬೆಳಕು ಬರುತ್ತಿಲ್ಲ ಎಂದಷ್ಟೇ ಅದರ ಅರ್ಥ. ಕೇಬಲ್ ಆಪರೇಟರ್ ಹುಡುಗರ ಬಳಿ ಇರುವ ಪವರ್ ಮೀಟರ್‌ನಿಂದ 1490 ನ್ಯಾನೋಮೀಟರ್‌ನಲ್ಲಿ ಅಳೆಯಿಸಿ. ಮನೆಗಳಿಗೆ ಹಾಕುವ ಸಾಮಾನ್ಯ ಜಿಪಿಒಎನ್ ಬಗೆಯ ಓಎನ್‌ಟಿಗೆ ಬೆಳಕಿನ ಬಲ ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು, ಮೈನಸ್ 25ಕ್ಕಿಂತ ಕೆಳಗಿಳಿದರೆ ಮಳೆಗಾಲಕ್ಕೆ ನಂಬಿಕೆಯಿಲ್ಲ. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಆ ಬೆಳಕು ಕಾಣುವುದಿಲ್ಲ, ಆದರೂ ಕಣ್ಣನ್ನು ತಿನ್ನಬಲ್ಲದು. ಒಂದು ಕಂಪನಿಯ ಓಎನ್‌ಟಿಯನ್ನು ಇನ್ನೊಂದರ ಫೈಬರಿಗೆ ಹಾಕಿದರೆ ತಾನಾಗಿ ನಡೆಯುವುದಿಲ್ಲ. ಆಪರೇಟರ್ ತನ್ನ ಕಡೆ ಸೀರಿಯಲ್ ನಂಬರ್ ನೋಂದಾಯಿಸಬೇಕು, ಪೆಟ್ಟಿಗೆಯೂ ಅವರ ಯಂತ್ರಕ್ಕೆ ಹೊಂದಬೇಕು.

ಹಂತ 7: ಹಳೆಯ ರೌಟರನ್ನು ಎರಡನೇ ವೈ-ಫೈ ಕೇಂದ್ರವಾಗಿಸುವುದು

ನನಗೆ ಅತಿ ಹೆಚ್ಚು ಫೋನ್ ಬರುವುದು ಇದರ ಬಗ್ಗೆ. ಕೆಳಮನೆಯಲ್ಲಿ ಹೊಸ ರೌಟರ್ ಇದೆ, ಮಹಡಿಗೆ ಸಿಗ್ನಲ್ ಇಲ್ಲ, ಹಳೆಯದನ್ನು ಮೇಲೆ ಹಾಕಿದ್ದೇವೆ, ಈಗ ಎರಡೂ ಕಡೆ ಇಲ್ಲ. ಕಾರಣ ಒಂದೇ: ಮನೆಯಲ್ಲಿ ಐಪಿ ವಿಳಾಸ ಹಂಚುವ ಯಜಮಾನರು ಇಬ್ಬರಾದರು. ಒಬ್ಬರನ್ನು ಸುಮ್ಮನಾಗಿಸಬೇಕು, ಅದಕ್ಕೊಂದು ಸರದಿಯಿದೆ.

ಹಳೆಯ ರೌಟರನ್ನು ಮನೆಯ ಜಾಲಕ್ಕೆ ಜೋಡಿಸದೆ ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿ. ಮೊದಲು ಆಡಳಿತದ ಪಾಸ್‌ವರ್ಡ್ ಬದಲಿಸಿ, ವೈ-ಫೈ ಹೆಸರು ಮತ್ತು ಪಾಸ್‌ವರ್ಡ್ ಹಾಕಿ. ಸುರಕ್ಷತೆಗೆ ಡಬ್ಲ್ಯುಪಿಎ2 ಮತ್ತು ಎಇಎಸ್ ಆರಿಸಿ. ಚಾನೆಲ್ 1, 6, 11ರಲ್ಲಿ ಕೆಳಗಿನ ರೌಟರ್ ಬಳಸದ್ದನ್ನು ಕೊಡಿ.

ಎರಡನೆಯದಾಗಿ ಅದರ ಸ್ವಂತ ವಿಳಾಸ ಬದಲಿಸಿ. ಕೆಳಗಿನ ರೌಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಕೆಳಗಿನದು ಅದೇ 2ನ್ನು ಯಾವುದಾದರೂ ಮೊಬೈಲ್‌ಗೆ ಹಂಚದಂತೆ, ಅದರ ಹಂಚಿಕೆಯ ಸಾಲು 2ರ ನಂತರ ಶುರುವಾಗುತ್ತದೆಯೇ ನೋಡಿಕೊಳ್ಳಿ. ಉಳಿಸಿದ ಮೇಲೆ ಹೊಸ ವಿಳಾಸದಲ್ಲಿ ಮತ್ತೆ ಒಳಗೆ ಹೋಗಿ.

ಆಮೇಲಷ್ಟೇ ಡಿಎಚ್‌ಸಿಪಿ, ಅಂದರೆ ಐಪಿ ವಿಳಾಸ ಹಂಚುವ ಸೌಲಭ್ಯವನ್ನು, ಆಫ್ ಮಾಡಿ. ವಿಳಾಸ ಬದಲಿಸದೆ ಮೊದಲೇ ಇದನ್ನು ಆಫ್ ಮಾಡಿದರೆ ಎರಡು ಪೆಟ್ಟಿಗೆಗೂ ಒಂದೇ ವಿಳಾಸವಾಗಿ ಜಗಳ ಶುರುವಾಗುತ್ತದೆ. ಒಳಗೆ ಹೋಗಲೂ ಆಗದೆ ಮತ್ತೆ ರೀಸೆಟ್‌ನಿಂದ ಆರಂಭಿಸಬೇಕಾಗುತ್ತದೆ.

ಕೊನೆಗೆ ಕೆಳಗಿನ ರೌಟರಿನ ಲ್ಯಾನ್ ಪೋರ್ಟ್‌ನಿಂದ ಬಂದ ಕೇಬಲನ್ನು ಹಳೆಯ ರೌಟರಿನ ಲ್ಯಾನ್ ಪೋರ್ಟ್‌ಗೆ ಹಾಕಿ. ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಇರಲಿ, ಅದರ ಮೇಲೆ ಟೇಪ್ ಅಂಟಿಸಿಬಿಡಿ. ನಾಳೆ ಯಾರಾದರೂ "ಇಂಟರ್ನೆಟ್ ಎಂದು ಬರೆದಿದೆಯಲ್ಲ" ಎಂದು ಕೇಬಲ್ ಬದಲಿಸುವುದು ಖಂಡಿತ.

ಸುಲಭವಾಗಿ ಮುರಿಯಬಹುದಾದ ಡಬ್ಲ್ಯುಇಪಿ ಬಿಟ್ಟರೆ ಬೇರೆ ಸುರಕ್ಷತೆ ಗೊತ್ತಿಲ್ಲದಷ್ಟು ಹಳೆಯ ಪೆಟ್ಟಿಗೆಯ ವೈ-ಫೈಯನ್ನು ಪೂರ್ತಿ ಮುಚ್ಚಿ, ಬರೀ ನಾಲ್ಕು ಪೋರ್ಟಿನ ಸ್ವಿಚ್ ಆಗಿ ಬಳಸಿ. ಬಿಲ್ಲಿಂಗ್ ಯಂತ್ರ, ಪ್ರಿಂಟರ್‌ಗಳಿಗೆ ಅದು ಧಾರಾಳ. ಓಪನ್‌ಡಬ್ಲ್ಯುಆರ್‌ಟಿಯಂಥ ಬೇರೆ ತಂತ್ರಾಂಶ ತುಂಬುವ ಆಸೆಯಿದ್ದರೆ ಅಡಿಯ ಚೀಟಿಯಲ್ಲಿ ಮಾದರಿಯ ಜೊತೆಗೆ ಆವೃತ್ತಿ ಸಂಖ್ಯೆಯನ್ನೂ ಓದಿ. ಹೆಸರು ಒಂದೇ ಇದ್ದು ಆವೃತ್ತಿ ಬೇರೆಯಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. 4 ಎಂಬಿ ಫ್ಲಾಶ್, 32 ಎಂಬಿ ರ್‍ಯಾಮ್ ಇರುವವಕ್ಕೆ ಈಗಿನ ಆವೃತ್ತಿಗಳು ಹಿಡಿಸುವುದಿಲ್ಲ. ತುಂಬುವಾಗ ಕರೆಂಟ್ ಹೋದರೆ ಪೆಟ್ಟಿಗೆ ಕಲ್ಲಾಗುತ್ತದೆ, ಆದ್ದರಿಂದ ಮೂರನೇ ಹಂತದಲ್ಲಿ ಪಾಸಾದ ಬ್ಯಾಟರಿಯ ಮೇಲೆ ನಡೆಸಿ. ಮೊದಲ ಬಾರಿಗೆ ಮಾಡುವವರಿಗೆ ನನ್ನ ಸಲಹೆ: ಬೇಡ.

ಹಂತ 8: ಕೇಬಲ್‌ಗಳು

ಲ್ಯಾನ್ ಕೇಬಲ್ ಹಾಳಾಗುವುದು ಹೆಚ್ಚಾಗಿ ತುದಿಯಲ್ಲಿ. ಟೆಸ್ಟರ್‌ನಲ್ಲಿ ಎಂಟು ದೀಪ ಸರದಿಯಲ್ಲಿ ಹತ್ತದಿದ್ದರೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಸರದಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ. ಉದ್ದ ಎಳೆಯಲು, ವಿದ್ಯುತ್ ಹರಿಸಲು ಅದು ಬೇಡ.

ಫೈಬರ್ ಪ್ಯಾಚ್ ಕಾರ್ಡನ್ನು (ಎರಡೂ ತುದಿಗೆ ಪ್ಲಗ್ ಇರುವ ತುಂಡು ಫೈಬರ್ ಕೇಬಲನ್ನು) ಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ. ಹಸಿರು ತುದಿಗೆ ಹಸಿರು, ನೀಲಿಗೆ ನೀಲಿ. ಹಸಿರಿನ ಮುಖವನ್ನು ಓರೆಯಾಗಿ ಕತ್ತರಿಸಿರುತ್ತಾರೆ, ನೀಲಿಗೆ ಒತ್ತಿದರೆ ಸರಿಯಾಗಿ ಕೂರುವುದಿಲ್ಲ, ಮುಖಗಳೂ ಕೆಡಬಹುದು. ಮುರಿದ ಗಾಜಿನೆಳೆಯ ಚೂರನ್ನು ಟೇಪಿಗೆ ಅಂಟಿಸಿ ಬಾಟಲಿಗೆ ಹಾಕಿ. ಬರಿಗಾಲಿಗೆ ಹೊಕ್ಕರೆ ಹುಡುಕಿ ತೆಗೆಯುವುದು ದೊಡ್ಡ ಪಾಡು.

ತಾಮ್ರಕ್ಕಾಗಿ ಕೇಬಲ್ ಸುಡಬೇಡಿ. ಪಿವಿಸಿ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್ ಇರುತ್ತವೆ. ಸುಟ್ಟ ತಾಮ್ರಕ್ಕೆ ಬೆಲೆಯೂ ಕಡಿಮೆ.

ಹಂತ 9: ಉಳಿದದ್ದನ್ನು ಒಪ್ಪಿಸುವುದು

ಸೀಸದ ಬ್ಯಾಟರಿಯ ದಾರಿ ಸುಲಭ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಬಿಲ್ಲಿನಲ್ಲಿ ಕಳೆಸಿಕೊಳ್ಳಿ. ಸಾಗಿಸುವಾಗ ತುದಿಗಳಿಗೆ ಟೇಪ್ ಅಂಟಿಸಿ, ನೇರವಾಗಿ ನಿಲ್ಲಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಡಿ ಲಿಥಿಯಂ ಸೇರಿ ಎಲ್ಲ ಬಗೆಯ ಬ್ಯಾಟರಿಗಳೂ ಬರುತ್ತವೆ. ಯಾವುದನ್ನೂ ಮನೆಯ ಕಸದ ಗಾಡಿಗೆ ಹಾಕುವಂತಿಲ್ಲ.

ರೌಟರ್, ಮೋಡೆಮ್, ಫೋನ್, ಯುಪಿಎಸ್‌ಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಡಿ ಬರುತ್ತವೆ. ನೋಂದಾಯಿತ ಮರುಬಳಕೆದಾರರ ಪಟ್ಟಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಡಬಹುದು, ಅಥವಾ ರಾಜ್ಯ ಮಂಡಳಿಯ ಧಾರವಾಡ ಪ್ರಾದೇಶಿಕ ಕಚೇರಿಯಲ್ಲಿ ಕೇಳಬಹುದು.  ಒಂದು ಹಣಕಾಸು ವರ್ಷದಲ್ಲಿ ಯಾವುದೇ ಹೊತ್ತಿನಲ್ಲಿ ಕನಿಷ್ಠ 1000 ಉಪಕರಣ ಬಳಸಿದ ಸಂಸ್ಥೆ ಸಗಟು ಬಳಕೆದಾರ ಎನಿಸಿಕೊಳ್ಳುತ್ತದೆ. ಆಗ ನೋಂದಾಯಿತರಿಗೇ ಕೊಡುವ ಹೊಣೆ ಕಾನೂನಿನಿಂದಲೇ ಬರುತ್ತದೆ. ಹಳೆಯದನ್ನು ದುರಸ್ತಿ ಮಾಡಿ ಮಾರುವುದನ್ನೇ ಕಸುಬು ಮಾಡಿಕೊಳ್ಳುವವರೂ ನೋಂದಣಿ ಮಾಡಿಸಬೇಕು.

ಬಂದವರು ಸರಿಯಿಲ್ಲ ಎಂದು ಗೊತ್ತಾಗುವುದು ಹೇಗೆ? ಹಸಿರು ಬೋರ್ಡ್ ಮತ್ತು ಬ್ಯಾಟರಿಯನ್ನು ಮಾತ್ರ ಕೇಳಿ, ಪ್ಲಾಸ್ಟಿಕ್ ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆ. ತೂಕಕ್ಕೆ ಮುನ್ನ ಬ್ಯಾಟರಿಯ ಆಮ್ಲ ಚೆಲ್ಲಿ ಎನ್ನುತ್ತಾರೆ. ನೋಂದಣಿ ಸಂಖ್ಯೆ ಕೇಳಿದರೆ ಮಾತು ಬದಲಿಸುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಗಾಡಿಯನ್ನು ವಾಪಸ್ ಕಳಿಸಿ. ಕೊಟ್ಟ ಮಾಲಿಗೆ ತೂಕ, ದಿನಾಂಕ, ನೋಂದಣಿ ಸಂಖ್ಯೆ ಇರುವ ರಸೀದಿ ಪಡೆದು ಕಡತಕ್ಕೆ ಹಾಕಿ.

ಕಪಾಟಿನಲ್ಲಿ ಉಳಿಯುವವಕ್ಕೆ

ಪಾಸಾದ ಪೆಟ್ಟಿಗೆಯ ಮೇಲೆ ಟೇಪ್ ಅಂಟಿಸಿ ಪರೀಕ್ಷಿಸಿದ ದಿನ, ಸತ್ತ ಪೋರ್ಟ್ ಯಾವುದು, ಯಾವ ಅಡಾಪ್ಟರ್ ಎಂದು ಬರೆಯಿರಿ. ಲಿಥಿಯಂ ಇರುವುದನ್ನು ಅರ್ಧ ಚಾರ್ಜ್‌ನಲ್ಲಿ ಇಡಿ, ಸೀಸದ್ದನ್ನು ಪೂರ್ತಿ ತುಂಬಿ ಇಡಿ. ಸೀಸದ ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಯಾರೂ ನೋಡುವುದಿಲ್ಲ. ನಾನು ಸಂಕ್ರಾಂತಿ, ಯುಗಾದಿ, ಕಾರ ಹುಣ್ಣಿಮೆ, ಗಣೇಶ ಚೌತಿ, ದೀಪಾವಳಿ ಎಂದು ಬ್ಯಾಟರಿಯ ಮೇಲೆಯೇ ಬರೆದು, ಹಬ್ಬದ ಹಿಂದಿನ ದಿನ ಮನೆ ಸಾರಿಸುವಾಗ ಚಾರ್ಜ್‌ಗೆ ಹಾಕಿ ಹೆಸರಿನ ಮೇಲೆ ಗೀಟು ಎಳೆಯುತ್ತೇನೆ.